ಕಪ್ಪು ಒರೆಸಿ ಆದಾಮನನ್ನು ತೆಗೆಯುವುದು: ಮಾನೊಟೈಪ್ ಕೆಲಸ ಎಲ್ಲಿಗೆ ಬಂತು

ಹೊಸ ಪ್ರಿಂಟ್‌ನಲ್ಲಿ ಬೈಬಲಿನ ಮೊದಲ ಮನುಷ್ಯ ಆದಾಮನ ಮೈ ಒಂದು ಮಟ್ಟಕ್ಕೆ ನಿಂತಿದೆ. ದೇವರು ಮಾತ್ರ ಇನ್ನೂ ಮೋಡದಲ್ಲೇ ಸಿಕ್ಕಿಕೊಂಡಿದ್ದಾನೆ.

ನಾನು ನೋಡಿ ಮಾಡುತ್ತಿರುವುದು ಇಟಲಿಯ ಜಿನೋವಾದ ಕಲಾವಿದ ಜೊವಾನಿ ಬೆನೆಡೆಟ್ಟೊ ಕಾಸ್ಟಿಲಿಯೊನೆಯ ‘ಆದಾಮನ ಸೃಷ್ಟಿ’. ಸುಮಾರು 1642ರದು, ಈಗ ಶಿಕಾಗೊದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿದೆ. ಮಾನೊಟೈಪ್ ಎಂಬ ಈ ಪ್ರಿಂಟ್ ವಿಧಾನ ಶುರು ಮಾಡಿದವನು ಇವನೇ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ತಗಡಿಗೆ ಪೂರ್ತಿ ಕಪ್ಪು ಇಂಕು ಬಳಿಯಬೇಕು. ಬೆಳಕು ಬೇಕಾದ ಕಡೆ ಒರೆಸಬೇಕು, ಕೆರೆಯಬೇಕು. ಇಂಕು ಹಸಿ ಇರುವಾಗಲೇ ಕಾಗದ ಇಟ್ಟು ಒತ್ತಬೇಕು. ತಗಡಿನಲ್ಲಿ ಏನೂ ಕೊರೆದಿರುವುದಿಲ್ಲ, ಹಾಗಾಗಿ ಒಳ್ಳೆಯ ಪ್ರತಿ ಒಂದೇ. ಎರಡನೆಯದು ತೆಗೆದರೆ ಬರೀ ಮಸುಕು.

ನನ್ನ ಹತ್ತಿರ ತಾಮ್ರದ ತಗಡೂ ಇಲ್ಲ, ಪ್ರೆಸ್ಸೂ ಇಲ್ಲ. ಅಕ್ರಿಲಿಕ್ ಶೀಟು, ಎಣ್ಣೆ ಇಂಕು, ರಬ್ಬರ್ ರೋಲರು, ಹಳೆ ಬನಿಯನ್ನು, ಊದುಬತ್ತಿ ಕಡ್ಡಿ. ಒತ್ತುವುದಕ್ಕೆ ಸ್ಟೀಲ್ ಸೌಟಿನ ಬೆನ್ನು. ಪ್ರಿಂಟ್‌ನಲ್ಲಿ ಎಡ ಬಲ ಉಲ್ಟಾ ಆಗುತ್ತದೆ. ಶೀಟು ಪಾರದರ್ಶಕವಾದರೂ ಇಂಕು ಬಳಿದ ಮೇಲೆ ಅಡಿಯಲ್ಲಿಟ್ಟ ಚಿತ್ರ ಕಾಣುವುದಿಲ್ಲ. ಅದಕ್ಕೇ ಉಲ್ಟಾ ಮಾಡಿದ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಸುಮ್ನೆ ಕಣ್ಣಂದಾಜಿನಲ್ಲಿ ಕೆರೆಯುತ್ತಿದ್ದೇನೆ.

ಬನಿಯನ್ ಬಟ್ಟೆಯಲ್ಲಿ ಒರೆಸಿದರೆ ಬೂದು ಬಣ್ಣ ಉಳಿಯುತ್ತದೆ. ಕಡ್ಡಿಯಲ್ಲಿ ಕೆರೆದರೆ ಚುರುಕಾದ ಬಿಳಿ ಗೆರೆ. ಆದರೆ ಕಾಸ್ಟಿಲಿಯೊನೆಯ ಗೀರುಗಳು ಅಗಲ, ಒರಟು, ಮೂಲೆಮೂಲೆಯಾಗಿ ತಿರುಗುತ್ತವೆ. ಊದುಬತ್ತಿ ಕಡ್ಡಿಗೆ ಅದು ಬಗ್ಗಲಿಲ್ಲ. ಐಸ್‌ಕ್ರೀಮ್ ಕಡ್ಡಿಯ ತುದಿ ಓರೆಯಾಗಿ ಕತ್ತರಿಸಿಕೊಂಡ ಮೇಲೆ ಭುಜ, ತೊಡೆ ಎಲ್ಲ ಸಲೀಸಾಗಿ ಬಂದವು.

ಹೋಲಿಸಿ ನೋಡಲು ಡಚ್ ಚಿತ್ರಕಾರ ರೆಂಬ್ರಾಂಟ್‌ನ 1638ರ ‘ಆದಾಮ ಮತ್ತು ಹವ್ವ’ ಎಚ್ಚಿಂಗನ್ನೂ (ತಗಡಿನಲ್ಲಿ ಆಮ್ಲದಿಂದ ಗೆರೆ ಕೊರೆದು ತೆಗೆದ ಪ್ರಿಂಟು) ಗೋಡೆಗೆ ಅಂಟಿಸಿದ್ದೇನೆ. ಅಲ್ಲಿ ಕೆಲಸ ತದ್ವಿರುದ್ಧ. ಬಿಳಿ ಕಾಗದದ ಮೇಲೆ ಗೆರೆಗೆ ಗೆರೆ ಸೇರಿಸಿ ಮೈ ಕಟ್ಟಿದ್ದಾನೆ. ಅವನ ಆದಾಮ, ಹವ್ವ ಇಬ್ಬರೂ ಸುಂದರರೇನಲ್ಲ, ನಮ್ಮ ನಿಮ್ಮಂಥವರು. ಹಿಂದೆ ದೂರದಲ್ಲಿ ಪುಟ್ಟ ಆನೆಯೊಂದಿದೆ. ಸಿಲೋನಿನಿಂದ ಆಮ್‌ಸ್ಟರ್‌ಡ್ಯಾಮ್‌ಗೆ ಬಂದಿದ್ದ ಹಾನ್ಸ್‌ಕೆನ್ ಎಂಬ ಹೆಣ್ಣಾನೆಯನ್ನು ರೆಂಬ್ರಾಂಟ್ 1637ರಲ್ಲಿ ಬರೆದಿದ್ದ, ಇದೂ ಅದೇ ಎನ್ನುತ್ತಾರೆ. ಏದೆನ್ ತೋಟದಲ್ಲಿ ಲಂಕೆಯ ಆನೆ, ಚೆನ್ನಾಗಿದೆ ಅಲ್ವಾ!

ಕಾಸ್ಟಿಲಿಯೊನೆ ರೆಂಬ್ರಾಂಟ್‌ನ ಎಚ್ಚಿಂಗ್‌ಗಳಿಂದ ಬಹಳ ಕಲಿತವನು. ಆದರೂ ಮಣ್ಣಿನಿಂದ ಮನುಷ್ಯ ಏಳುವ ಈ ಕಥೆಗೆ ನನಗೆ ಅವನ ದಾರಿಯೇ ಜಾಸ್ತಿ ಹಿಡಿಸುತ್ತದೆ. ರೆಂಬ್ರಾಂಟ್‌ನ ಆದಾಮ ಆಗಲೇ ಬದುಕಿ ಬಳಲಿದವನು. ಇವನಿಗಿನ್ನೂ ಮೈ ಮೂಡುತ್ತಿದೆ.

ಮುಂದಿನ ಸಲ ಕಾಗದವನ್ನು ಸ್ವಲ್ಪ ಒದ್ದೆ ಮಾಡಿ ನೋಡುತ್ತೇನೆ. ಒಣ ಕಾಗದ ಇಂಕನ್ನು ಸರಿಯಾಗಿ ಎಳೆದುಕೊಳ್ಳುತ್ತಿಲ್ಲ, ಸೌಟಿನಲ್ಲಿ ಉಜ್ಜಿ ಉಜ್ಜಿ ಕೈ ಸೋತಿದೆ.