ನೀರು ಕುಡಿದರೂ ತಿಳಿಯಾಗದ ಮೂತ್ರ

ಏಪ್ರಿಲ್ ಬಿಸಿಲು. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಯೊಂದರ ಶಾಲೆಯಲ್ಲಿ ಆರೋಗ್ಯ ತಪಾಸಣೆ. ಮೂತ್ರ ಪರೀಕ್ಷೆಯ ಮೇಜು ಜಗುಲಿಯ ಮೇಲಿತ್ತು. ಬೆಳಿಗ್ಗೆ ಬಂದ ಡಬ್ಬಿಗಳಲ್ಲಿ ಹೆಚ್ಚಿನವು ಗಾಢ ಹಳದಿ. "ಉಷ್ಣ ಆಗೈತೆ ಸಾರ್, ಬಾರ್ಲಿ ನೀರು ಕುಡುದ್ರೆ ಸರಿಹೋಗ್ತದೆ" ಎಂದು ತಂದವರೇ ಹೇಳಿಬಿಡುತ್ತಿದ್ದರು. ಟೊಮ್ಯಾಟೊ ಬಿಡಿಸಿ ತೋಟದಿಂದ ನೇರ ಬಂದವರ ಮಟ್ಟಿಗೆ ಆ ಮಾತು ಬಹುತೇಕ ನಿಜ. ಹಳೆಯ ಕೆಂಪು ರಕ್ತಕಣ ಒಡೆದು ಹುಟ್ಟುವ ಹಳದಿ ಅಂಶ ದಿನವೂ ಹೆಚ್ಚುಕಡಿಮೆ ಅಷ್ಟೇ ಹೊರಗೆ ಹೋಗುತ್ತದೆ. ಬೆವರಿನಲ್ಲಿ ನೀರು ಖರ್ಚಾದರೆ ಅದೇ ಬಣ್ಣ ದಟ್ಟವಾಗಿ ಕಾಣುತ್ತದೆ. ಬಣ್ಣ ಬದಲಿಸುವ ಚೌಕಗಳಿರುವ ಪರೀಕ್ಷಾ ಪಟ್ಟಿಯನ್ನು ಮೂತ್ರದಲ್ಲಿ ಅದ್ದಿದರೆ ಸಾಂದ್ರತೆ 1.030ರ ಹತ್ತಿರ, ಅಂದರೆ ಮೂತ್ರ ದಟ್ಟ; ಉಳಿದ ಚೌಕಗಳೆಲ್ಲ ಸರಿ. ನೆರಳಿಗೆ ಬಂದು ಎರಡು ಮೂರು ಗಂಟೆಯಲ್ಲಿ ಒಂದು ಲೀಟರ್ ನೀರೋ ಮಜ್ಜಿಗೆಯೋ ಕುಡಿದ ಮೇಲೆ ತಿಳಿಹಳದಿಗೆ ಬಂದರೆ ಚಿಂತೆಯಿಲ್ಲ. ಹೃದಯ, ಕಿಡ್ನಿ ತೊಂದರೆಗೆ ನೀರು ಅಳೆದು ಕುಡಿಯುವವರು ಮಾತ್ರ ವೈದ್ಯರನ್ನು ಕೇಳದೆ ಹೀಗೆ ಮಾಡಬಾರದು.

ಅದೇ ಸಾಲಿನಲ್ಲಿ ಒಬ್ಬ ಯುವಕನ ಡಬ್ಬಿಯೂ ಇತ್ತು. ಕಾಫಿ ಡಿಕಾಕ್ಷನ್ ಬಣ್ಣ. ಅಲ್ಲಾಡಿಸಿದರೆ ನೊರೆಯೂ ಹಳದಿ. ಕೇಳಿದಾಗ ಮಲ ಬಿಳಿಚಿಕೊಂಡಿದೆ, ಅನ್ನ ಕಂಡರೆ ವಾಕರಿಕೆ ಎಂದ. ಅವನೂ ವಾರದಿಂದ ಬಾರ್ಲಿ ನೀರೇ ಕುಡಿಯುತ್ತಿದ್ದ. ಇದು ಕಾಮಾಲೆ. ಪಿತ್ತದ ಹಳದಿ ಅಂಶವಾದ ಬಿಲಿರುಬಿನ್ ಕರುಳಿಗೆ ಸರಿಯಾಗಿ ಇಳಿಯದೆ ಮೂತ್ರದ ದಾರಿ ಹಿಡಿದಿರುತ್ತದೆ. ಎಷ್ಟು ನೀರು ಕುಡಿದರೂ ಅದು ಹೋಗುವುದಿಲ್ಲ. ಕಣ್ಣು ಹಳದಿಯಾಗುವ ಮೊದಲೇ ಮೂತ್ರದಲ್ಲಿ ಇದು ಕಾಣಿಸುವುದುಂಟು. ಡಬ್ಬಿಯನ್ನು ಬಿಸಿಲಲ್ಲಿ ಬಿಟ್ಟರೆ ಬಿಲಿರುಬಿನ್ ಕೆಟ್ಟು, ಮೂತ್ರ ಹಸಿರಿಗೆ ತಿರುಗಿ, ಪಟ್ಟಿ 'ಇಲ್ಲ' ಎಂದು ತೋರಿಸೀತು. ಹಾಗಾಗಿ ಅಂಥ ಡಬ್ಬಿಗಳನ್ನು ಮೊದಲೇ ತೆಗೆದುಕೊಂಡು ನೆರಳಲ್ಲಿಟ್ಟೆವು. ಗರ್ಭಿಣಿಯರಲ್ಲಿ ಈ ಬಣ್ಣ ಕಂಡರೆ ನಾಟಿ ಔಷಧಕ್ಕೆ ಅಲೆಯುತ್ತಾ ಕೂರದೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಬೇಕು. ಕಾಮಾಲೆ ತರುವ ಹೆಪಟೈಟಿಸ್ ಇ ಎಂಬ ವೈರಸ್ ಸೋಂಕು ಅವರ ಪ್ರಾಣಕ್ಕೇ ಎರವಾಗಬಲ್ಲದು.

ಕೆಂಪು ಕಂಡರೆ ಎಲ್ಲರೂ ಬೆಚ್ಚುತ್ತಾರೆ. ಬೀಟ್‌ರೂಟ್ ಪಲ್ಯ ತಿಂದ ಕೆಲವರಿಗೂ ಕೆಂಪಾಗುತ್ತದೆ. ಕ್ಷಯಕ್ಕೆ ರಿಫಾಂಪಿಸಿನ್ ನುಂಗುವವರ ಮೂತ್ರ, ಬೆವರು, ಕಣ್ಣೀರು ಕೂಡ ಕಿತ್ತಳೆಗೆಂಪು. ಅದಕ್ಕೆ ಹೆದರಿ ಮಾತ್ರೆ ಬಿಡಲೇಬಾರದು. ಇವೆರಡರಲ್ಲೂ ಪಟ್ಟಿಯ ರಕ್ತದ ಚೌಕ ಬದಲಾಗುವುದಿಲ್ಲ. ಬದಲಾದರೆ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಕೆಂಪು ಕಣಗಳಿದ್ದರೆ ಕಲ್ಲು, ಸೋಂಕು ಅಥವಾ ಬೇರೆ ಕಾರಣ ಹುಡುಕಬೇಕು. ಚೌಕ ಗಾಢವಾಗಿ ಬದಲಾಗಿಯೂ ಕಣಗಳೇ ಇಲ್ಲದಿದ್ದರೆ, ಬಿಸಿಲಲ್ಲಿ ಅತಿಯಾಗಿ ದುಡಿದು ಮೈಕೈ ಬಿಗಿದವರಲ್ಲಿ ಸ್ನಾಯು ಒಡೆದು ಅದರ ಕೆಂಪು ಅಂಶ ಮೂತ್ರಕ್ಕೆ ಇಳಿದಿರಬಹುದು. ಕಿಡ್ನಿ ಕೆಡುವ ಮೊದಲು ತಕ್ಷಣ ಡ್ರಿಪ್ ಬೇಕಾಗುತ್ತದೆ. ಗಂಟಲು ನೋವಾದ ಒಂದೆರಡು ವಾರಕ್ಕೋ, ಕಜ್ಜಿಯಾದ ಮೂರರಿಂದ ಆರು ವಾರಕ್ಕೋ ಮಗುವಿನ ಮೂತ್ರ ಕೋಲಾ ಬಣ್ಣವಾಗಿ ಮುಖ ಊದಿದರೆ ಅದು ಕಿಡ್ನಿಯ ಉರಿಯೂತ.

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮೋಸದ್ದು ನೋವಿಲ್ಲದ ರಕ್ತ. ಬೀಡಿ ಸೇದುವ ಹಿರಿಯರೊಬ್ಬರು "ಹೋದ ತಿಂಗಳು ಒಂದ್ಸಲ ಕೆಂಪಗೆ ಹೋಯ್ತು, ಆಮೇಲೆ ಇಲ್ಲ" ಎಂದರು. ಅವತ್ತಿನ ಮೂತ್ರ ತಿಳಿಯಾಗಿಯೇ ಇತ್ತು. ಮೂತ್ರಕೋಶದ ಕ್ಯಾನ್ಸರ್‌ನಲ್ಲಿ ರಕ್ತ ಹೀಗೇ ಬಂದು ಹೋಗುತ್ತದೆ. ಪಟ್ಟಿ ಸರಿ ತೋರಿಸಿದರೂ ಅವರಿಗೆ ಸ್ಕ್ಯಾನ್ ಮಾಡಿಸಲು, ಮೂತ್ರರೋಗ ತಜ್ಞರ ಬಳಿ ಮೂತ್ರಕೋಶದೊಳಗೆ ದುರ್ಬೀನು ಹಾಕಿ ನೋಡಿಸಲು ಚೀಟಿ ಬರೆಸಿದೆವು.

ಮಧ್ಯಾಹ್ನದ ಹೊತ್ತಿಗೆ ಬಂದ ಎಷ್ಟೋ ಮಾದರಿಗಳನ್ನು ವಾಪಸ್ ಕೊಡಬೇಕಾಯಿತು. ಮನೆಯಿಂದ ಬೆಳಿಗ್ಗೆ ಆರಕ್ಕೆ ಹಿಡಿದು ತಂದದ್ದು, ಸಿರಪ್ ಬಾಟಲಿಯಲ್ಲಿ ತುಂಬಿದ್ದು. ಎರಡು ಗಂಟೆ ಮೀರಿದರೆ ಬ್ಯಾಕ್ಟೀರಿಯಾ ಬೆಳೆದು ಮೂತ್ರ ಕದಡುತ್ತದೆ, ಅಮೋನಿಯಾ ನಾತ ಬರುತ್ತದೆ. ಇಲ್ಲದ ಸೋಂಕು ಇದೆಯೆಂದು ಕಾಣುತ್ತದೆ. ಒಣಗಿದ ಹೊಸ ಡಬ್ಬಿ ಕೊಟ್ಟು ಮತ್ತೆ ಹೇಳಿಕೊಟ್ಟೆವು: ಮೊದಲು ಬರುವುದನ್ನು ಬಿಟ್ಟು, ನಡುವಿನದನ್ನು 30 ಮಿಲಿಯಷ್ಟು ಹಿಡಿದು, ಮುಚ್ಚಳ ಹಾಕಿ ಕೂಡಲೇ ಮೇಜಿಗೆ ತನ್ನಿ.