ಅಜ್ಜಿಯ ಹೆಬ್ಬೆರಳು

ನಿನ್ನೆ ರಾತ್ರಿ ತೀರ್ಥಹಳ್ಳಿ ಮನೆ ಅಂಗಳದಲ್ಲಿ ಅಡಿಕೆ ಸುಲಿಯೋಕೆ ಕೂತೆ. ನನ್ನದು ಅರ್ಧ ಡಬ್ಬ ತುಂಬುವಷ್ಟರಲ್ಲಿ ಅಜ್ಜಿಯದು ಎರಡು ಮುಗಿದಿತ್ತು. ಮೆಟ್ಟುಗತ್ತಿ ಕಡೆ ನೋಡೋದೂ ಇಲ್ಲ. ಕರೆ ಹಿಡಿದು ಕಪ್ಪಾದ ಹೆಬ್ಬೆರಳು ಕಾಯಿ ತಿರುಗಿಸುತ್ತೆ, ಸಿಪ್ಪೆ ಬಿಡುತ್ತೆ, ಅಷ್ಟೇ.

"ಬೆರಳು ಜೋಪಾನ ಮಾರಾಯ," ಅಂದರು ನನಗೆ.

ಆಗ ನೆನಪಾಯ್ತು. ಸೋನಿಕ್ ಹೆಡ್ಜ್‌ಹಾಗ್ ಅಂತ ಒಂದು ಪ್ರೋಟೀನ್ ಇದೆ. ಹೌದು, ವಿಡಿಯೋ ಗೇಮಿನ ಆ ನೀಲಿ ಪ್ರಾಣಿಯದೇ ಹೆಸರು! ಹೊಟ್ಟೆಯೊಳಗಿನ ಮಗುವಿನ ಕೈಯಲ್ಲಿ ಹೆಬ್ಬೆರಳು ಯಾವ ಕಡೆ, ಕಿರುಬೆರಳು ಯಾವ ಕಡೆ ಅನ್ನೋದು ತೀರ್ಮಾನ ಆಗೋದು ಅದರಿಂದಲೇ. ಇಂಥ ಪ್ರೋಟೀನ್ ಮಾಡಿಸುವ ಮೂಲ ಜೀನ್ ಸಿಕ್ಕಿದ್ದು ಹಣ್ಣಿನ ನೊಣದಲ್ಲಿ, 1980ರಲ್ಲಿ. ಅದು ಕೆಟ್ಟರೆ ನೊಣದ ಮರಿಹುಳದ ಮೈಮೇಲೆಲ್ಲ ಮುಳ್ಳು. ಅದಕ್ಕೇ ಹೆಡ್ಜ್‌ಹಾಗ್ ಅನ್ನೋ ಮುಳ್ಳುಮೈಯ ಪುಟ್ಟ ಪ್ರಾಣಿಯ ಹೆಸರು.

ಮಗು ಹುಟ್ಟಿದ ಮೇಲೆ ಅದಕ್ಕೆ ಕೆಲಸ ಇಲ್ಲ ಅಂದುಕೊಂಡಿದ್ದೆ. ಇದೆಯಂತೆ. ಬೆಳೆದ ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ, ಅಂದರೆ ನೆನಪು ನೋಡಿಕೊಳ್ಳುವ ಮಿದುಳಿನ ಭಾಗದಲ್ಲಿ, ಹೊಸ ನರಕೋಶ ಹುಟ್ಟೋಕೆ ಅದು ಬೇಕು. ಇನ್ನು ಕೈಯ ಹದ ನೋಡಿಕೊಳ್ಳುವ ಕಿರುಮಿದುಳಿನಲ್ಲಿ ಪರ್ಕಿಂಜೆ ಅನ್ನೋ ನರಕೋಶಗಳು ಅದನ್ನೇ ಕಳಿಸಿ, ಪಕ್ಕದಲ್ಲಿ ಆಸರೆಯಾಗಿರುವ ಗ್ಲಿಯಾ ಕೋಶಕ್ಕೆ "ನೀನು ಹೀಗಿರು" ಅಂತ ಹೇಳುತ್ತವೆ.

ಅಜ್ಜಿಗೆ ಹೇಳಿದೆ. "ಮೊದಲು ಡಬ್ಬ ತುಂಬಿಸು," ಅಂದರು.