ತತ್ತಿಯ ಹಳದಿಯಲ್ಲಿ ಫೋಟೊ ಪ್ರಿಂಟ್: ದಪ್ಪ ಹಚ್ಚಿದರೆ ಕೆಟ್ಟಿತು

ಬೆಳಗಾವಿಯ ನಮ್ಮ ಪ್ರಿಂಟಿಂಗ್ ಕೋಣೆಗೆ ತತ್ತಿಯ ಹಳದಿಯಲ್ಲಿ ಬಣ್ಣ ಕಲಸಿ ಫೋಟೊ ಪ್ರಿಂಟ್ ತೆಗೆಯುವ ಕೆಲಸ ಕಲಿಯಲು ಬರುವವರಲ್ಲಿ ಸ್ಕ್ರೀನ್ ಪ್ರಿಂಟಿಂಗ್ ಮಾಡಿದವರೂ ಇರುತ್ತಾರೆ, ಮದುವೆ ಫೋಟೊ ತೆಗೆಯುವವರೂ ಇರುತ್ತಾರೆ. ಮೊದಲನೆಯವರಿಗೆ ಬೆಳಕಿಗೆ ಪದರ ಗಟ್ಟಿ ಮಾಡುವ ಬೈಕ್ರೋಮೇಟ್ ರಾಸಾಯನಿಕ ಗೊತ್ತು, ಎರಡನೆಯವರಿಗೆ ಬೆಳಕು-ನೆರಳು ಗೊತ್ತು. ಇಬ್ಬರೂ ಎಡವುವುದು ಮಾತ್ರ ಒಂದೇ ಕಡೆ. ಬಣ್ಣವನ್ನು ದಪ್ಪಗೆ ಹಚ್ಚುತ್ತಾರೆ. ಎಗ್ ಟೆಂಪೆರಾ ಎಂದು ಕರೆಯುವ ಈ ಪ್ರಿಂಟ್‌ನಲ್ಲಿ ಕೆಡುವ ಹತ್ತು ಸಂಗತಿಗಳಲ್ಲಿ ಏಳೆಂಟಕ್ಕೆ ಇದೇ ಮೂಲ. ಅದಕ್ಕೇ ಅಳತೆ ಹೇಳುವ ಮೊದಲು ಕಾರಣ ಹೇಳಿಬಿಡುತ್ತೇವೆ.

ಸಾಮಗ್ರಿ ಮೂರೇ: ತತ್ತಿಯ ಹಳದಿ, ಬಣ್ಣದ ಪುಡಿ ಅಥವಾ ಟ್ಯೂಬಿನ ಜಲವರ್ಣ, ಅಮೋನಿಯಂ ಡೈಕ್ರೋಮೇಟ್ (ಬೈಕ್ರೋಮೇಟ್ ಎನ್ನುವುದೂ ಇದನ್ನೇ). ಡೈಕ್ರೋಮೇಟ್ ಹಚ್ಚಿದ ಕಾಗದ ಬಿಸಿಲಿಗೆ ಬಣ್ಣ ಬದಲಿಸುತ್ತದೆ ಎಂಬುದನ್ನು ಸ್ಕಾಟ್ಲೆಂಡಿನ ಮಂಗೊ ಪಾಂಟನ್ 1839ರಲ್ಲಿ ತೋರಿಸಿದ. ಅದಕ್ಕೆ ಬಣ್ಣ ಬೆರೆಸಿ ಚಿತ್ರ ತೆಗೆಯುವ ದಾರಿಗೆ 1855ರಲ್ಲಿ ಫ್ರಾನ್ಸಿನ ಆಲ್ಫೋನ್ಸ್ ಪ್ವಾತೆವಾಂ ಪೇಟೆಂಟ್ ಪಡೆದ. ಮಿಶ್ರಣ ಹಚ್ಚಿದ ಹಾಳೆಯ ಮೇಲೆ ನೆಗೆಟಿವ್ ಇಟ್ಟು ಬಿಸಿಲಿಗೆ ಒಡ್ಡಿದಾಗ, ಯುವಿ (ಕಣ್ಣಿಗೆ ಕಾಣದ ನೇರಳಾತೀತ) ಬೆಳಕು ಬಿದ್ದಲ್ಲಿ ಕ್ರೋಮಿಯಂ ತನ್ನ ರೂಪ ಬದಲಿಸಿ ಹಳದಿಯ ಪ್ರೋಟೀನುಗಳನ್ನು ಒಂದಕ್ಕೊಂದು ಬಿಗಿಯುತ್ತದೆ. ಬಿಗಿದ ಜಾಗ ನೀರಿಗೆ ಕರಗುವುದಿಲ್ಲ, ಬಣ್ಣವನ್ನು ಹಿಡಿದುಕೊಂಡು ಉಳಿಯುತ್ತದೆ. ಬಿಗಿಯದ ಜಾಗ ತೊಳೆದು ಹೋಗುತ್ತದೆ.

ಬೆಳಕು ಬರುವುದು ಮೇಲಿನಿಂದ. ಪದರವೂ ಮೇಲಿನಿಂದಲೇ ಗಟ್ಟಿಯಾಗುತ್ತ ಕೆಳಗೆ ಇಳಿಯುತ್ತದೆ. ಪದರ ದಪ್ಪವಿದ್ದರೆ ನಡುಛಾಯೆಯ ಜಾಗಗಳಲ್ಲಿ ಮೇಲ್ಮೈ ಮಾತ್ರ ಗಟ್ಟಿಯಾಗಿ, ಹಾಳೆಗೆ ತಾಗಿದ ಅಡಿಭಾಗ ಹಸಿಯಾಗಿಯೇ ಉಳಿಯುತ್ತದೆ. ತೊಳೆಯುವಾಗ ಆ ಹಸಿ ಭಾಗ ಕರಗುತ್ತದೆ, ಮೇಲೆ ಗಟ್ಟಿಯಾಗಿದ್ದದ್ದು ಹಕ್ಕಳೆಯಾಗಿ ಎದ್ದು ತೇಲುತ್ತದೆ. ಜಿಲೆಟಿನ್‌ನಲ್ಲಿ ಬಣ್ಣ ಬೆರೆಸಿ ತೆಗೆಯುವ ಕಾರ್ಬನ್ ಪ್ರಿಂಟ್‌ನಲ್ಲಿ ಇಂಗ್ಲೆಂಡಿನ ಜೋಸೆಫ್ ಸ್ವಾನ್ 1864ರಲ್ಲಿ ಇದಕ್ಕೆ ಉಪಾಯ ಕಂಡುಕೊಂಡ: ಪದರವನ್ನು ಬೇರೆ ಹಾಳೆಗೆ ವರ್ಗಾಯಿಸಿ ಹಿಂಬದಿಯಿಂದ ತೊಳೆಯುವುದು. ನಮ್ಮ ಪದ್ಧತಿಯಲ್ಲಿ ವರ್ಗಾವಣೆ ಇಲ್ಲ. ಬೆಳಕು ಅಡಿಯವರೆಗೆ ಮುಟ್ಟುವಷ್ಟು ತೆಳ್ಳಗೆ ಹಚ್ಚಿ, ಬೇಕಾದ ಗಾಢತೆಯನ್ನು ಎರಡು-ಮೂರು ಪದರಗಳಲ್ಲಿ ಕಟ್ಟುವುದೊಂದೇ ದಾರಿ.

ಹಾಳೆಗೆ ನಮ್ಮ ಮೊದಲ ಆಯ್ಕೆ ಹರಿಯದ ಸಿಂಥೆಟಿಕ್ ಪೇಪರ್, ಅಂದರೆ ಕಾಗದದಂತೆ ಕಾಣುವ ಪ್ಲಾಸ್ಟಿಕ್ ಹಾಳೆ. ಆಫ್‌ಸೆಟ್ ಪ್ರೆಸ್‌ನವರ ಹತ್ತಿರ ತುಂಡುಗಳು ಸಿಗುತ್ತವೆ. ಮ್ಯಾಟ್ ಮೇಲ್ಮೈ ಇರುವುದನ್ನೇ ಆರಿಸಿ. ಇದು ನೀರು ಕುಡಿಯುವುದಿಲ್ಲ, ಹಾಗಾಗಿ ಬಣ್ಣ ನಾರಿನೊಳಗೆ ಇಳಿದು ಕಲೆ ಕೂರುವುದಿಲ್ಲ, ಬಿಳಿ ಜಾಗ ಬಿಳಿಯಾಗಿಯೇ ಉಳಿಯುತ್ತದೆ. ನೆನೆದು ಒಣಗಿದರೂ ಕುಗ್ಗುವುದಿಲ್ಲ, ಆದ್ದರಿಂದ ಎರಡನೇ ಪದರದ ನೆಗೆಟಿವ್ ಮೊದಲನೆಯದರ ಮೇಲೆ ಸರಿಯಾಗಿ ಕೂರುತ್ತದೆ. ಜಲವರ್ಣದ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಕಾಗದವೇ ಬೇಕೆನ್ನುವವರು ಮೊದಲು ಅದನ್ನು ಬಿಸಿನೀರಲ್ಲಿ ಅರ್ಧ ತಾಸು ನೆನೆಸಿ ಒಣಗಿಸಿ ಕುಗ್ಗಿಸಿಕೊಳ್ಳಬೇಕು, ಆಮೇಲೆ 3% ಜಿಲೆಟಿನ್ ಹಚ್ಚಿ ಗಟ್ಟಿ ಮಾಡಬೇಕು. ಅದೇ ಒಂದು ದಿನದ ಕೆಲಸ. ಕಲಿಯುವಾಗ ಅದರ ಗೊಡವೆ ಬೇಡ. ಸಿಂಥೆಟಿಕ್ ಹಾಳೆಗೆ ಬೇಕಾದ ತಯಾರಿ ಒಂದೇ: ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಒರೆಸಿ, ತೊಳೆದು, ಒಣಗಿಸಿ, ಮುಂದೆ ಅಂಚು ಹಿಡಿದೇ ಎತ್ತುವುದು. ಬೆರಳಿನ ಜಿಡ್ಡು ತಾಗಿದಲ್ಲಿ ಬಣ್ಣ ಹಿಡಿಯದೆ ಸೂಜಿಮೊನೆಯಂಥ ಬಿಳಿ ಚುಕ್ಕೆ ಬೀಳುತ್ತವೆ.

ತತ್ತಿ ಜವಾರಿಯಾದರೂ ನಡೆಯುತ್ತದೆ, ಫಾರಂದಾದರೂ ನಡೆಯುತ್ತದೆ. ಜವಾರಿ ತತ್ತಿಯ ಹಳದಿ ಗಾಢ ಕೇಸರಿ ಇರುತ್ತದೆ ಎಂದು ಚಿಂತೆ ಬೇಡ, ಆ ಬಣ್ಣ ಬೆಳಕಿಗೆ ತಾನಾಗಿಯೇ ಮಾಸುತ್ತದೆ. ಆದರೆ ಅದರ ಹಳದಿ ಚಿಕ್ಕದು, ಹಾಗಾಗಿ ತತ್ತಿ ಎಣಿಸದೆ ಮಿ.ಲೀ.ನಲ್ಲಿ ಅಳೆಯಿರಿ. ಬಿಳಿ ಲೋಳೆ ಪೂರ್ತಿ ಬಿಡಿಸಿ, ಹಳದಿಯ ಉಂಡೆಯನ್ನು ಒಣ ಟಿಶ್ಯೂ ಮೇಲೆ ಮೆಲ್ಲಗೆ ಉರುಳಿಸಿ. ಅದರ ಸುತ್ತಲಿನ ಪೊರೆ ಒಣಗಿ ಬೆರಳಿಗೆ ಸಿಗುತ್ತದೆ. ಪೊರೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಕೆಳಗೆ ಸೂಜಿಯಿಂದ ಚುಚ್ಚಿ, ಹಳದಿಯನ್ನು ಅಳತೆಯ ಗ್ಲಾಸಿಗೆ ಇಳಿಸಿ. ಪೊರೆ ಕೈಯಲ್ಲೇ ಉಳಿಯಬೇಕು. ಅದರ ಚೂರು ಒಳಗೆ ಬಿದ್ದರೆ ರೋಲರ್ ಅಡಿ ಗೆರೆ ಎಳೆಯುತ್ತದೆ. ಕೆಡದಿರಲಿ ಎಂದು ವಿನೆಗರ್ ಹಾಕುವುದು ಚಿತ್ರಕಾರರ ರೂಢಿ, ಇಲ್ಲಿ ಅದು ಬೇಡ. ಹುಳಿ ಸೇರಿದರೆ ಡೈಕ್ರೋಮೇಟ್ ಕತ್ತಲಲ್ಲೂ ಬೇಗ ಕೆಲಸ ಶುರು ಮಾಡುತ್ತದೆ.

15 ಗ್ರಾಂ ಅಮೋನಿಯಂ ಡೈಕ್ರೋಮೇಟ್ ಅನ್ನು ಡಿಸ್ಟಿಲ್ಡ್ ನೀರಲ್ಲಿ ಕರಗಿಸಿ ಒಟ್ಟು 100 ಮಿ.ಲೀ. ಮಾಡಿ ಕಂದು ಬಾಟಲಿಯಲ್ಲಿಡಿ. 10 ಮಿ.ಲೀ. ಹಳದಿಗೆ ಟ್ಯೂಬಿನ ಬಣ್ಣ ಸುಮಾರು 2 ಗ್ರಾಂ ಹಾಕಿ, ಗಂಟಿಲ್ಲದಂತೆ ಕಲಸಿ. ಕಪ್ಪಾದರೆ ಅರ್ಧ ಗ್ರಾಂ ಸಾಕು, ಏಕೆಂದರೆ ಕಾಡಿಗೆಯ ಕಪ್ಪು ಯುವಿಯನ್ನೇ ನುಂಗಿಬಿಡುತ್ತದೆ. ಅದರ ಮೇಲೆ 10 ಮಿ.ಲೀ. ಡೈಕ್ರೋಮೇಟ್ ದ್ರಾವಣವನ್ನು ಸಣ್ಣ ಧಾರೆಯಾಗಿ, ಕಲಕುತ್ತಲೇ ಬಿಡಿ. ಒಮ್ಮೆಲೇ ಸುರಿದರೆ ಹಳದಿ ಗಂಟು ಕಟ್ಟುತ್ತದೆ. ಹಳೆಯ ಸ್ಟಾಕಿಂಗ್ ಬಟ್ಟೆಯಲ್ಲಿ ಸೋಸಿದರೆ ಮಿಶ್ರಣ ತಯಾರು. ಅಂದು ಮಾಡಿದ್ದು ಅಂದೇ ಮುಗಿಯಬೇಕು.

ಬಣ್ಣಗಳಲ್ಲಿ ಕೆಮ್ಮಣ್ಣು, ಹಳದಿ ಮಣ್ಣುಗಳಷ್ಟು ಸುಲಭದವು ಬೇರೆ ಇಲ್ಲ. ಬಾದಾಮಿಯ ಬಂಡೆ ಕೆಂಪಗಿರುವುದು ಕಬ್ಬಿಣದ ಆಕ್ಸೈಡ್‌ನಿಂದ, ಕೆಮ್ಮಣ್ಣಿನ ಬಣ್ಣವೂ ಅದೇ. ಅಗಸ್ತ್ಯ ತೀರ್ಥದ ದಂಡೆಯ ಭೂತನಾಥ ಗುಡಿಯ ಚಿತ್ರವನ್ನು ಕೆಮ್ಮಣ್ಣಲ್ಲಿ ತೆಗೆದರೆ ಕಲ್ಲಿನ ಬಣ್ಣ ಹುಡುಕುತ್ತ ಕೂರಬೇಕಿಲ್ಲ. ನಮಗೆ ಈ ಪದ್ಧತಿಯ ಮೇಲೆ ಪ್ರೀತಿ ಬೆಳೆದಿರುವುದಕ್ಕೆ ಇದೂ ಒಂದು ಕಾರಣ. ಬಟ್ಟೆಗೆ ಹಾಕುವ ದ್ರವ ನೀಲಿಯನ್ನು ಬಳಸಲು ಹೋಗಬೇಡಿ. ಅದು ನೀರಲ್ಲಿ ಕರಗುವ ಡೈ, ತೊಳೆಯುವಾಗ ಹರಿದು ಹೋಗುತ್ತದೆ.

ಇನ್ನು ಹಚ್ಚುವುದು. ಎರಡು ಇಂಚಿನ ಸಣ್ಣ ರಂಧ್ರದ ಸ್ಪಂಜ್ ರೋಲರ್ ತೆಗೆದುಕೊಳ್ಳಿ. ಅದನ್ನು ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿ, ಇಲ್ಲವಾದರೆ ಅರ್ಧ ಮಿಶ್ರಣ ಸ್ಪಂಜೇ ಕುಡಿಯುತ್ತದೆ. ಎ4 ಹಾಳೆಗೆ 2 ಮಿ.ಲೀ. ಸಾಕು. ಅದನ್ನು ಗಾಜಿನ ತಟ್ಟೆಯ ಮೇಲೆ ಹರಡಿ ರೋಲರ್ ತುಂಬಾ ಸಮನಾಗಿ ಹಿಡಿಸಿ, ಆಮೇಲೆ ಹಾಳೆಗೆ ಬನ್ನಿ. ಉದ್ದಕ್ಕೆ, ಅಡ್ಡಕ್ಕೆ, ಮತ್ತೆ ಉದ್ದಕ್ಕೆ, ಪ್ರತಿ ಸಲವೂ ಕೈಭಾರ ಕಡಿಮೆ ಮಾಡುತ್ತ ಎಳೆಯಿರಿ. ಮೊದಲು ರೋಲರ್ ಚಪಚಪ ಎನ್ನುತ್ತದೆ. ಒಂದೆರಡು ನಿಮಿಷಕ್ಕೆ ನೀರಿನಂಶ ಆರಿ ಸದ್ದು ಸರಸರ ಎಂದು ಬದಲಾಗುತ್ತದೆ. ಆಗ ಹಾಳೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಓರೆಯಾಗಿ ನೋಡಿ: ಹೊಳಪು ಹೋಗಿರಬೇಕು, ಸಣ್ಣ ಗುಳ್ಳೆಗಳ ತರಿ ಕಾಣಬಾರದು, ಬಣ್ಣದಡಿ ಹಾಳೆಯ ಬಿಳುಪು ಕಾಣುತ್ತಿರಬೇಕು. "ಇಷ್ಟ ತೆಳ್ಳಗಾದ್ರ ಚಿತ್ರ ಬರ್ತದೇನ್ರಿ?" ಎಂದು ಎಲ್ಲರೂ ಕೇಳುವುದು ಈ ಹಂತದಲ್ಲೇ. ಅಷ್ಟು ತೆಳ್ಳಗಿದ್ದರೇ ಬರುತ್ತದೆ.

ಈ ಕೆಲಸವೆಲ್ಲ ಮಂದ ಹಳದಿ ಬಲ್ಬಿನ ಬೆಳಕಲ್ಲಿ ನಡೆಯಲಿ. ಹಸಿಯಿದ್ದಾಗ ಮಿಶ್ರಣಕ್ಕೆ ಬೆಳಕಿನ ಚುರುಕು ಕಡಿಮೆ, ಒಣಗಿದ ಮೇಲೆ ಹೆಚ್ಚು. ಒಣಗಿಸಲು ಫ್ಯಾನಿನ ತಣ್ಣನೆ ಗಾಳಿ ಸಾಕು, ಹೇರ್ ಡ್ರೈಯರ್‌ನ ಬಿಸಿ ಗಾಳಿ ಬೇಡ.

ಬಿಸಿಗೂ ತೇವಕ್ಕೂ ಡೈಕ್ರೋಮೇಟ್ ಕತ್ತಲಲ್ಲೇ ಪದರವನ್ನು ಗಟ್ಟಿ ಮಾಡುತ್ತ ಹೋಗುತ್ತದೆ. ನಮ್ಮ ಮೂರೂ ಜಿಲ್ಲೆಗಳಲ್ಲಿ ಇದರ ಲೆಕ್ಕ ಬೇರೆಬೇರೆ. ವಿಜಯಪುರ, ಬಾಗಲಕೋಟೆಯ ಏಪ್ರಿಲ್ ಬಿಸಿಲು 40 ಡಿಗ್ರಿ ದಾಟಿದರೂ ಗಾಳಿ ಒಣ, ಹಾಗಾಗಿ ಅಲ್ಲಿ ಬೇಗ ಕೆಲಸ ಮುಗಿಸಿದರೆ ಪಾರಾಗಬಹುದು. ಬೆಳಗಾವಿಯ ಜುಲೈ ತಂಪಿದ್ದರೂ ಗಾಳಿಯಲ್ಲಿ ನೀರೇ ತುಂಬಿರುತ್ತದೆ. ನಮ್ಮ ಅನುಭವದಲ್ಲಿ ಕಾಡುವುದು ಈ ಜುಲೈಯೇ. ಮಳೆಗಾಲದಲ್ಲಿ ಹಾಳೆ ಒಣಗಿದ ಕೂಡಲೇ ಎಕ್ಸ್‌ಪೋಸ್ ಮಾಡಿ (ಬೆಳಕಿಗೆ ಒಡ್ಡಿ), ಡೈಕ್ರೋಮೇಟನ್ನು 10%ಗೆ ಇಳಿಸಿ, ನೆಗೆಟಿವ್ ಅಂಟದಂತೆ ನಡುವೆ ತೆಳು ಪಾರದರ್ಶಕ ಪಾಲಿಯೆಸ್ಟರ್ ಹಾಳೆ ಇಡಿ. ಹಾಳೆಯ ಒಂದು ಮೂಲೆಯನ್ನು ಯಾವಾಗಲೂ ಕಪ್ಪು ಕಾಗದದಿಂದ ಮುಚ್ಚಿ. ತೊಳೆಯುವಾಗ ಆ ಮೂಲೆ ಬಿಳಿಯಾಗದಿದ್ದರೆ ತಪ್ಪು ಎಕ್ಸ್‌ಪೋಶರ್‌ದಲ್ಲ, ಪದರ ಮೊದಲೇ ಬೆಂದಿದೆ ಎಂದರ್ಥ. ಈ ಮೂಲೆಯ ಸಾಕ್ಷಿ ಇಲ್ಲದೆ ಕಾರಣ ಹುಡುಕುವುದು ಬರೀ ಊಹೆ.

ಇಂಕ್‌ಜೆಟ್‌ನಲ್ಲಿ ಪಾರದರ್ಶಕ ಹಾಳೆಯ ಮೇಲೆ ತೆಗೆದ ನೆಗೆಟಿವ್ ಪ್ರಿಂಟಿನಷ್ಟೇ ದೊಡ್ಡದಿರಬೇಕು, ಹೆಚ್ಚು ಕಾಂಟ್ರಾಸ್ಟ್ ಬೇಡ. ಎಕ್ಸ್‌ಪೋಶರ್‌ಗೆ ಸಿದ್ಧ ಸಂಖ್ಯೆ ಇಲ್ಲ. ಒಂದು ಪಟ್ಟಿಯ ಮೇಲೆ 1, 2, 3, 4, 6 ನಿಮಿಷಗಳ ಪರೀಕ್ಷೆ ಮಾಡಿ. ಮಟಮಟ ಮಧ್ಯಾಹ್ನ ಬೇಡ. ಗಾಜಿನಡಿ ಬಿಸಿಲಿಗಿಟ್ಟ ಕಪ್ಪು ಚೌಕಟ್ಟು ಕೈ ಸುಡುವಷ್ಟು ಕಾಯುತ್ತದೆ, ತತ್ತಿಯ ಹಳದಿ 65 ಡಿಗ್ರಿಯ ಆಸುಪಾಸಿಗೇ ಗಟ್ಟಿಯಾಗಲು ಶುರುವಾಗುತ್ತದೆ. ಬೆಳಗಿನ 9ರಿಂದ 10ರ ಬಿಸಿಲು ಒಳ್ಳೆಯದು. ಯುವಿ ಟ್ಯೂಬ್‌ಗಳ ಪೆಟ್ಟಿಗೆ ಇದ್ದರೆ ಇನ್ನೂ ಒಳ್ಳೆಯದು.

ತೊಳೆಯಲು ಓವರ್‌ಹೆಡ್ ಟ್ಯಾಂಕಿನ ನೀರನ್ನು ಬೇಸಿಗೆಯಲ್ಲಿ ನೇರ ಬಳಸಬೇಡಿ, ಪದರ ಮೆತ್ತಗಾಗಿ ಜಾರುತ್ತದೆ. ಹರವಿಯ ನೀರು ಸರಿಯಾದ ಹದಕ್ಕಿರುತ್ತದೆ. ಚಿತ್ರ ಕೆಳಮುಖವಾಗಿ ಐದು ನಿಮಿಷ ತೇಲಲಿ, ನೀರು ಬದಲಿಸಿ, ಮತ್ತೆ ಐದು ನಿಮಿಷ. ಆಮೇಲೆ ಮೇಲ್ಮುಖ ಮಾಡಿ ಸ್ಪ್ರೇ ಬಾಟಲಿಯಿಂದ ದೂರದಿಂದ ಹೊಡೆಯುತ್ತ ಹತ್ತಿರ ಬನ್ನಿ. ಬೆಳಕಿನ ಜಾಗಗಳನ್ನು ಮೆತ್ತನೆ ಬ್ರಷ್‌ನಿಂದ ತೆರೆಯಬಹುದು. ಎಲ್ಲವೂ ಜಾರಿ ಹೋದರೆ ಎಕ್ಸ್‌ಪೋಶರ್ ಕಡಿಮೆ ಅಥವಾ ಪದರ ದಪ್ಪ. ಸಮಯ ಹೆಚ್ಚಿಸಿದರೂ ಹಕ್ಕಳೆ ಏಳುತ್ತಿದ್ದರೆ ದಪ್ಪವೇ ಕಾರಣ, ಇಲ್ಲವೇ ಬಣ್ಣ ಹೆಚ್ಚಾಗಿದೆ.

ಒಣಗಿದ ಮೇಲೆ ಎರಡನೇ ಪದರ. ಮೊದಲ ಪದರಕ್ಕೆ ತಿಳಿ ಬಣ್ಣ, ಉದ್ದ ಎಕ್ಸ್‌ಪೋಶರ್ ಕೊಟ್ಟರೆ ತಿಳಿ ಛಾಯೆಗಳು ಕೂರುತ್ತವೆ. ಕೊನೆಯ ಪದರಕ್ಕೆ ಗಾಢ ಬಣ್ಣ, ಕಡಿಮೆ ಸಮಯ ಕೊಟ್ಟರೆ ಅದು ನೆರಳಿನ ಜಾಗಗಳಲ್ಲಿ ಮಾತ್ರ ನಿಲ್ಲುತ್ತದೆ. ನೆಗೆಟಿವ್‌ಗೂ ಹಾಳೆಗೂ ಮೊದಲೇ ಒಟ್ಟಿಗೆ ಪಂಚ್ ಹೊಡೆದು, ಪಿನ್ನಿಗೆ ಸಿಕ್ಕಿಸಿದರೆ ಜೋಡಣೆ ತಪ್ಪುವುದಿಲ್ಲ. ಕೊನೆಗೆ ಹಳದಿ ಛಾಯೆ ಉಳಿದಿದ್ದರೆ 1% ಸೋಡಿಯಂ ಮೆಟಾಬೈಸಲ್ಫೈಟ್‌ನಲ್ಲಿ ಎರಡು-ಮೂರು ನಿಮಿಷ ಇಟ್ಟು ತೊಳೆಯಿರಿ. ಅಲ್ಟ್ರಾಮರೀನ್ ನೀಲಿ ಹಾಕಿದ್ದರೆ ಇದನ್ನು ಮಾಡಬೇಡಿ. ಆ ದ್ರಾವಣ ಹುಳಿ, ಅಲ್ಟ್ರಾಮರೀನ್ ಹುಳಿಗೆ ಬಣ್ಣ ಕಳೆದುಕೊಳ್ಳುತ್ತದೆ. ನೀಲಿ ಬೇಕಾದವರು ಥ್ಯಾಲೊ ನೀಲಿ ಬಳಸಲಿ.

ಡೈಕ್ರೋಮೇಟ್ ವಿಷಯದಲ್ಲಿ ಸ್ಕ್ರೀನ್ ಪ್ರಿಂಟಿಂಗ್‌ನವರ ಸಲುಗೆ ನೋಡಿದಾಗ ನಮಗೆ ಸಂಕಟವಾಗುತ್ತದೆ. ಇದು ಕ್ಯಾನ್ಸರ್ ತರುವ ವಸ್ತು. ಚರ್ಮಕ್ಕೆ ಒಮ್ಮೆ ಅಲರ್ಜಿ ಹತ್ತಿದರೆ ಜನ್ಮಪೂರ್ತಿ ಬಿಡದೆ ಕಾಡಬಹುದು. ನೈಟ್ರೈಲ್ ಕೈಗವಸು, ಪುಡಿ ತೂಗುವಾಗ ಮಾಸ್ಕ್ ಕಡ್ಡಾಯ. ಅಡುಗೆಮನೆಯ ಪಾತ್ರೆ, ಚಮಚ, ಫ್ರಿಜ್ ಯಾವುದೂ ಈ ಕೆಲಸಕ್ಕೆ ಬರಬಾರದು. ಒಣ ಪುಡಿಯನ್ನು ಬೆಂಕಿ, ಬಿಸಿಯಿಂದ ದೂರವಿಡಿ, ಕಿಡಿ ಇಲ್ಲವೇ ಜೋರು ಬಿಸಿ ತಾಗಿದರೆ ಅದು ಹೊತ್ತಿಕೊಂಡು ತಾನೇ ಉರಿಯುತ್ತ ಹೋಗಬಲ್ಲದು. ಉಳಿದ ಮಿಶ್ರಣವನ್ನೂ ಮೊದಲೆರಡು ತೊಳೆದ ನೀರನ್ನೂ ಬಕೀಟಿನಲ್ಲಿ ಕೂಡಿಡಿ. ಗಾಳಿಯಾಡುವ ಕಡೆ ಅದಕ್ಕೆ ಮೆಟಾಬೈಸಲ್ಫೈಟ್ ಸ್ವಲ್ಪಸ್ವಲ್ಪ ಹಾಕಿದರೆ ಕಿತ್ತಳೆ ಬಣ್ಣ ಹೋಗಿ ಹಸಿರಾಗುತ್ತದೆ. ಆಮೇಲೆ ವಾಷಿಂಗ್ ಸೋಡಾ ಹಾಕುತ್ತ ಹೋದರೆ ಹಸಿರು ರಾಡಿ ತಳಕ್ಕೆ ಕೂರುತ್ತದೆ. ಆ ರಾಡಿಯನ್ನು ಒಣಗಿಸಿ, ಮುಚ್ಚಳವಿರುವ ಡಬ್ಬಿಯಲ್ಲಿ ಹೆಸರು ಬರೆದಿಟ್ಟು, ಅಪಾಯಕಾರಿ ತ್ಯಾಜ್ಯ ಒಯ್ಯುವವರಿಗೆ ಕೊಡಬೇಕು. ಬಚ್ಚಲ ಮೋರಿಗೆ, ಹಳ್ಳಕ್ಕೆ, ಬಾವಿಯ ಹತ್ತಿರ ಸುರಿಯುವ ಮಾತೇ ಇಲ್ಲ.

ತಯಾರಾದ ಪ್ರಿಂಟ್ ಒಣಗಿದಂತೆ ಕಂಡರೂ ಪದರ ಪೂರ್ತಿ ಗಟ್ಟಿಯಾಗಲು ವಾರಗಳು ಬೇಕು. ಅಲ್ಲಿಯವರೆಗೆ ಒಂದರ ಮೇಲೊಂದು ಪೇರಿಸಬೇಡಿ, ವಾರ್ನಿಶ್ ಹಚ್ಚಬೇಡಿ. ಚೌಕಟ್ಟು ಹಾಕಿಸುವಾಗ ಗಾಜಿಗೂ ಚಿತ್ರಕ್ಕೂ ನಡುವೆ ದಪ್ಪ ಮೌಂಟ್ ಇರಲಿ. ಹಳದಿಯಲ್ಲಿ ಕೊಬ್ಬೂ ಪ್ರೋಟೀನೂ ತುಂಬಿರುವುದರಿಂದ ಬೂಸು ಬೇಗ ಹತ್ತುತ್ತದೆ. ಮಳೆಗಾಲದಲ್ಲಿ ಹೊರಗೋಡೆಗೆ ತೂಗುಹಾಕದೆ ಒಳಗೋಡೆಗೇ ಹಾಕಿ.